ಮುಚ್ಚಿದ ಟಿಕೇಟಿನ ಕೆಳಗೆ

ವಿಷಯ ಎಂದು ಬರೆದಿದ್ದ ಖಾಲಿ ಗೆರೆಯ ಮುಂದೆ ಇರ್ಫಾನಾಳ ಬೆರಳುಗಳು ನಿಂತುಬಿಟ್ಟಿದ್ದವು. ಹೊಸ ಮೇಲ್ ಸರ್ವರ್ ತಯಾರಾಗಿತ್ತು. ಪರೀಕ್ಷೆಗೆಂದು ಒಂದು ಮೇಲ್ ಕಳಿಸಿದರೆ ಸಾಕು. ಅದು ಸರ್ವರಿಗೆ ಬಂದು ಬಿದ್ದು, ಅಲ್ಲಿಂದ ಹೆಲ್ಪ್‌ಡೆಸ್ಕಿನ ಯಂತ್ರ ಅದನ್ನು ಎತ್ತಿಕೊಂಡು, ಸಂಖ್ಯೆ ಕೊಟ್ಟು, ಟಿಕೇಟು ಮಾಡಿ, ಎದುರಿನ ಮೇಜಿನ ದೀಪಶ್ರೀಯ ಪರದೆಯ ಮೇಲೆ ಇಟ್ಟರೆ ಬೆಳಗಿನ ಕೆಲಸ ಮುಗಿದಂತೆ. ಯಾರೂ ಓದದ ಮೇಲ್ ಅದು. ‘ಟೆಸ್ಟ್’ ಎಂದು ಬರೆದರಾಯಿತು. ಈ ಕೆಲಸಕ್ಕೆ ಸೇರಿದಂದಿನಿಂದ ಹಾಗೆ ಎಷ್ಟು ಸಲ ಬರೆದಿದ್ದಳೋ. ಇವತ್ತು ಆ ಗೆರೆಯನ್ನು ನೋಡುತ್ತ ನೋಡುತ್ತ ಬೆಳ್ಳಾರೆ ಪೇಟೆಯ ಜೆರಾಕ್ಸ್ ಅಂಗಡಿಯೊಂದು ಕಣ್ಣಿಗೆ ಕಟ್ಟಿತು. ಊದಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತ ಒಬ್ಬ, ಅವನ ಪಕ್ಕ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡ ಅಂಗಡಿಯ ಪೋಕರಾಕ. “ವಿಷಯವನ್ನು ಮುಟ್ಟುದು ಬೇಡ ಮೋನೇ, ಇದ್ದದ್ದು ಇರ್ಲಿ. ಹೆಸರು ಮಾತ್ರ ಬದಲಾಯಿಸುವ.” ಅವಳು ಅಲ್ಲಿರಲಿಲ್ಲ. ಆದರೂ ಆ ಮಾತು, ಆ ಉಬ್ಬಸ, ಹಳೇ ಜೆರಾಕ್ಸ್ ಯಂತ್ರದ ಬಿಸಿ ವಾಸನೆ, ಎಲ್ಲವೂ ಅವಳ ಮೈಯೊಳಗೇ ನಡೆದಂತೆ ಇತ್ತು. ಟ್ರಸ್ಟಿನ ಮ್ಯಾನೇಜರು ಕೃಷ್ಣಮೋಹನರು ಬೆಳಿಗ್ಗೆ ಬಂದವರೇ ಹೇಳಿದ್ದರು: ಸಂಜೆಯೊಳಗೆ ಹೊಸತು ಶುರುವಾಗಬೇಕು, ಹಳೇ ಸರ್ವರನ್ನು ಅಳಿಸಿಬಿಡಬೇಕು. ಹಳೇ ಸರ್ವರಿನಲ್ಲಿ ಅವಳ ತಮ್ಮ ಮುನವ್ವರ್ ಸಾಯುವ ಮೊದಲು ಕಳಿಸಿದ ಮೇಲ್‌ಗಳಿದ್ದವು. ಬರುವುದು ಬಂದಿದ್ದವು, ಟಿಕೇಟಾಗಿರಲಿಲ್ಲ. ಟ್ರಸ್ಟಿನ ದಾಖಲೆಯಲ್ಲಿ ಅವನು ಏನನ್ನೂ ಕೇಳಿದವನೇ ಅಲ್ಲ. ಅಳಿಸಿದರೆ ಲೋಕದ ದಾಖಲೆಯಲ್ಲಿಯೂ ಅಷ್ಟೇ.

ಕೇಳಿದವನಲ್ಲ ಎಂದರೆ ಹೇಗೆ. ಅರಬ್ಬರ ನಾಡಿನ ಜುಬೈಲಿನ ಬಿಸಿಲಿನಲ್ಲಿ ಪೈಪು ಬೆಸೆಯುತ್ತ, ನೀರು ಕುಡಿದರೆ ಮತ್ತೆ ಮತ್ತೆ ಎದ್ದು ಹೋಗಬೇಕು, ಮೇಸ್ತ್ರಿ ಬಯ್ಯುತ್ತಾನೆ ಎಂದು ನೀರೇ ಕುಡಿಯದೆ, ತಲೆನೋವಿಗೆ ಮಾತ್ರೆ ನುಂಗುತ್ತ ವರ್ಷಗಳನ್ನು ಕಳೆದು, ಎರಡೂ ಕಿಡ್ನಿ ಅಲ್ಲಿಯೇ ಬಿಟ್ಟು ಬಂದವನಂತೆ ಬಂದಿದ್ದ ಮುನವ್ವರ್ ಮೊದಲ ಸಲ ಈ ಆಫೀಸಿಗೇ ಬಂದಿದ್ದ. ಪುತ್ತೂರಿನ ದರ್ಬೆಯ ಈ ಮಹಡಿಗೆ, ಮೆಟ್ಟಿಲಿನ ನಡುವೆ ಒಮ್ಮೆ ನಿಂತು ಉಸಿರು ತೆಗೆದು. ಕರುಣಾಮೃತ ಟ್ರಸ್ಟಿನ ಡಯಾಲಿಸಿಸ್ ಕೇಂದ್ರಗಳು ಪುತ್ತೂರು, ಸುಳ್ಯ, ಕಡಬ ಮೂರು ಕಡೆಯೂ ಇವೆ. ಯಾರಿಗೆ ಯಾವ ಕೇಂದ್ರದಲ್ಲಿ ಯಾವ ಪಾಳಿ ಎಂದು ನಿರ್ಧಾರವಾಗುವುದು ಇಲ್ಲಿ. ಅವನು ದೀಪಶ್ರೀಯ ಎದುರಿನ ಬೆಂಚಿನಲ್ಲಿ ಕೂತು, ಒಳಗೆ ಬಂದ ಅಕ್ಕನನ್ನು ನೋಡಿ ಮುಖ ತುಂಬ ನಕ್ಕು, ಎಲ್ಲರಿಗೂ ಕೇಳುವ ಹಾಗೆ, “ಅಕ್ಕಾ, ನನ್ನ ಹೆಸರು ಒಂಚೂರು ಮೇಲೆ ಹಾಕು ಮಾರಾಯ್ತಿ, ಬೆಳಗ್ಗಿನ ಪಾಳಿ ಆದ್ರೆ ಬಸ್ಸು ಸಿಕ್ತದೆ” ಎಂದಿದ್ದ. ಬೆಂಚಿನಲ್ಲಿ ಬೇರೆಯವರೂ ಇದ್ದರು. ಬೀಡಿ ಕಟ್ಟುವ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡ ಒಬ್ಬ ಹೆಂಗಸು ಅವನನ್ನೂ ಇವಳನ್ನೂ ನೋಡಿ, ಆಮೇಲೆ ನೆಲ ನೋಡಿದ್ದಳು. ಆ ನೋಟ ಇರ್ಫಾನಾಳಿಗೆ ಚುಚ್ಚಿತು. ಅವಳು ತಮ್ಮನ ಹತ್ತಿರವೂ ಹೋಗದೆ, ನಿಂತಲ್ಲಿಂದಲೇ, “ಇಲ್ಲಿ ಅಕ್ಕ ಯಾರೂ ಇಲ್ಲ. ಹೆಲ್ಪ್‌ಡೆಸ್ಕ್ ಉಂಟು. ಎಲ್ಲರ ಹಾಗೆ ಮೇಲ್ ಕಳಿಸು” ಎಂದಳು. ಅವನ ನಗು ಇಳಿಯಲಿಲ್ಲ, ಹಾಗೇ ಮುಖದ ಮೇಲೆ ಬಿಟ್ಟುಹೋದ ಸಾಮಾನಿನಂತೆ ಸ್ವಲ್ಪ ಹೊತ್ತು ಇತ್ತು. “ಆಯ್ತು ಮೇಡಮ್” ಎಂದ. ಅಂದಿನಿಂದ ಮೇಡಮ್. ಪೆರ್ನಾಲ್ ಹಬ್ಬಕ್ಕೆ ಮನೆಗೆ ಹೋದರೆ “ಮೇಡಮ್ಮಿಗೆ ಇನ್ನೊಂದು ತುಂಡು ಕೋಳಿ ಹಾಕಿ ಉಮ್ಮಾ.” ಉಮ್ಮ ಬಯ್ಯುತ್ತಿದ್ದರು, ಅವನ ಹೆಂಡತಿ ನಶೀದಾ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು, ಇರ್ಫಾನಾಳೂ ನಗುತ್ತಿದ್ದಳು. ಒಳಗೆಲ್ಲೋ ಒಂದು ಸಣ್ಣ ಹೆಮ್ಮೆಯೂ ಇತ್ತು. ಸ್ವಂತ ತಮ್ಮನಿಗೂ ಬಾಗಲಿಲ್ಲ ಎಂಬ ಹೆಮ್ಮೆ. ಈಗ ಆ ಹೆಮ್ಮೆಯನ್ನು ನೆನೆದರೆ ಬಾಯಲ್ಲಿ ತುಕ್ಕಿನ ರುಚಿ.

ತಪ್ಪೇನಿತ್ತು ಅದರಲ್ಲಿ? ತಪ್ಪಿರಲಿಲ್ಲ, ಅದೇ ಸಂಕಟ. ಮೊದಲೆಲ್ಲ ಪಾಳಿ ಸಿಗುತ್ತಿದ್ದದ್ದು ಫೋನಿನಲ್ಲಿ. ಟ್ರಸ್ಟಿಗೆ ಬೇಕಾದವರ ಮಾವ, ಪಕ್ಷದ ಪುಢಾರಿಯ ಭಾವ, ಸೊಸೈಟಿಯ ಅಧ್ಯಕ್ಷರ ತೋಟದ ರೈಟರು, ಹೀಗೆ ಫೋನಿನ ದಾರಿಯಲ್ಲಿ ಬಂದವರೆಲ್ಲ ಬೆಳಗಿನ ಹಾಸಿಗೆಗಳಲ್ಲಿ ಮಲಗುತ್ತಿದ್ದರು. ಕಡಬದ ಆಚೆಯ ಕಾಡಂಚಿನಿಂದ ಎರಡು ಬಸ್ಸು ಬದಲಿಸಿ ಬಂದವರು ಹೊರಗಿನ ಜಗಲಿಯಲ್ಲಿ ಊದಿಕೊಂಡು ಕೂತಿರುತ್ತಿದ್ದರು. ಇರ್ಫಾನಾ ಅದರ ವಿರುದ್ಧ ಟ್ರಸ್ಟಿಗಳ ಸಭೆಯಲ್ಲಿ ಎದ್ದು ನಿಂತು ಮಾತಾಡಿದವಳು. ಫೋನು ಬೇಡ, ಕೌಂಟರೂ ಬೇಡ. ಒಂದೇ ಮೇಲ್ ವಿಳಾಸ, ಬಂದ ಕ್ರಮದಲ್ಲಿ ಸಂಖ್ಯೆ. ಮೇಲ್‌ಗೆ ಜಾತಿಯಿಲ್ಲ, ಮನೆತನವಿಲ್ಲ, ಅದು ಬಾಗಿಲಲ್ಲಿ ನಿಂತು ಹಲ್ಲು ಕಿರಿಯುವುದಿಲ್ಲ. ತಲೆಗೆ ಶಾಲು ಹೊದ್ದ ಬ್ಯಾರಿ ಹೆಣ್ಣೊಬ್ಬಳು ಅಷ್ಟು ದೊಡ್ಡ ಮೇಜಿನ ಸುತ್ತ ಕೂತವರಿಗೆ ಸಮಾನತೆಯ ಪಾಠ ಹೇಳಿದ್ದು, ಅವರು ಚಹಾ ಹೀರುತ್ತ ತಲೆದೂಗಿದ್ದು! ಆ ರಾತ್ರಿ ಅವಳಿಗೆ ಸಂತೋಷದಿಂದ ನಿದ್ದೆ ಬಂದಿರಲಿಲ್ಲ. ಅವರು ಯಾಕೆ ಅಷ್ಟು ಸುಲಭಕ್ಕೆ ಒಪ್ಪಿದರು ಎಂದು ಆಗ ಕೇಳಿಕೊಂಡಿರಲಿಲ್ಲ. ಬಾಗಿಲಲ್ಲಿ ನಿಲ್ಲುವ ಜನರನ್ನು ತೆಗೆಸಿಕೊಡುತ್ತೇನೆ ಎಂದು ಅವಳೇ ಹೋಗಿ ಹೇಳಿದರೆ ಬೇಡ ಎನ್ನುವ ಧಣಿ ಯಾವನಿದ್ದಾನೆ? ಕಂಬಳಿ ಹೊದ್ದು ಬಂದವನ ಮುಖ ನೋಡುವುದು ತಪ್ಪಿತು, ಇನ್ನು ತಿಂಗಳ ಕೊನೆಗೆ ಪಟ್ಟೆಪಟ್ಟೆಯ ಚಿತ್ರ ನೋಡಿದರೆ ಸಾಕು: ಬಂದ ಟಿಕೇಟು ಇಷ್ಟು, ಮುಚ್ಚಿದ ಟಿಕೇಟು ಇಷ್ಟು. ಮುಚ್ಚಿದ್ದು ಹಸಿರು, ತೆರೆದದ್ದು ಕೆಂಪು. ದಾನಿಗಳಿಗೆ ಹಸಿರು ಇಷ್ಟ.

“ಅಕ್ಕ, ಟೆಸ್ಟ್ ಬರ್ಲಿಲ್ಲ ಇನ್ನೂ,” ದೀಪಶ್ರೀ ಎದುರಿನಿಂದ ಹೇಳಿದಳು. ಕುಂಬ್ರದಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ, ಟಿಕೇಟುಗಳನ್ನು ಓದಿ ಪಾಳಿ ಹಂಚುವುದು ಅವಳ ಕೆಲಸ. “ಹಾಕಿದ್ರಾ?”

“ಹಾಕ್ತೇನೆ.”

“ನೀವು ಬೆಳಗ್ಗಿನಿಂದ ಹಾಕ್ತೇನೆ ಹಾಕ್ತೇನೆ ಅಂತ ಇದ್ದೀರಿ. ತಿಂಡಿ ಆದ್ರೂ ಆಯ್ತಾ ಇಲ್ವಾ? ಅಮ್ಮ ಕೊಟ್ಟಿಗೆ ಕಡುಬು ಕಳಿಸಿದ್ದಾರೆ, ಹಲಸಿನೆಲೆದ್ದು. ಬೇಡ ಅಂದ್ರೆ ನನಗೆ ಬೇಜಾರಿಲ್ಲ, ನಾನೇ ಪೂರ ತಿಂತೇನೆ.”

ಇರ್ಫಾನಾ ‘ಟೆಸ್ಟ್’ ಎಂದು ಬರೆದು ಕಳಿಸಿದಳು. ಕ್ಷಣ ಕಳೆಯಿತು. ದೀಪಶ್ರೀ ಕೈಯಲ್ಲಿದ್ದ ಕೊಟ್ಟಿಗೆಯ ಎಲೆ ಬಿಡಿಸುತ್ತಲೇ, “ಬಂತು ಬಂತು! ಒಂದನೇ ನಂಬರು. ಎಂಥಾ ಲಾಯ್ಕ್ ಬಂತು ನೋಡಿ!” ಎಂದಳು. ಕಳಿಸಿದವಳ ಡಬ್ಬಿಗೂ ಉತ್ತರ ತಾನೇ ತಾನಾಗಿ ಬಂದು ಬಿದ್ದಿತ್ತು: ‘ನಿಮ್ಮ ಕೋರಿಕೆ ನಮಗೆ ತಲುಪಿದೆ. ನಾಳೆಯೊಳಗೆ ನಿಮ್ಮ ಪಾಳಿಯ ಸಮಯ ತಿಳಿಸುತ್ತೇವೆ. ರೋಗಿಯನ್ನು ಸಿದ್ಧವಾಗಿಡಿ.’ ಆ ವಾಕ್ಯಗಳನ್ನು ಬರೆದವಳೂ ಅವಳೇ. ಅರ್ಥಹೀನವಾದ ‘ಟೆಸ್ಟ್’ ಎಂಬ ಒಂದು ಶಬ್ದಕ್ಕೆ ಯಂತ್ರ ಇಷ್ಟು ಮರ್ಯಾದೆ ಕೊಟ್ಟಿತು. ಬದುಕಿದ್ದ ಮನುಷ್ಯನಿಗೆ ಕೊಟ್ಟಿರಲಿಲ್ಲ.

ಪೋಕರಾಕನ ಅಭ್ಯಾಸ ಅವಳಿಗೆ ಗೊತ್ತಿತ್ತು. ಗೊತ್ತಿತ್ತಲ್ಲ, ಅದೇ. ಬೆಳ್ಳಾರೆಯಲ್ಲಿ ಹುಟ್ಟಿದವಳಿಗೆ ಗೊತ್ತಿಲ್ಲದಿರುವುದು ಹೇಗೆ? ಆ ಸುತ್ತಿನ ಅರ್ಧಕ್ಕರ್ಧ ಜನರಿಗೆ ಸ್ವಂತ ಮೇಲ್ ಇಲ್ಲ. ರೇಶನ್ ಕಾರ್ಡಿನಿಂದ ಹಿಡಿದು ಪಾಸ್‌ಪೋರ್ಟಿನ ತನಕ ಎಲ್ಲಕ್ಕೂ ಪೋಕರಾಕನ ಅಂಗಡಿಯ ಒಂದೇ ಮೇಲ್. ಅರೆಭಾಷೆಯ ಗೌಡರಿಂದ ಹಿಡಿದು ಮಲಯಾಳ ಮಾತಾಡುವ ರಬ್ಬರಿನವರ ತನಕ ಎಲ್ಲರೂ ಅವರ ಸ್ಟೂಲಿನಲ್ಲಿ ಕೂತು ಬಾಯಲ್ಲಿ ಹೇಳುವುದು, ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತುವುದು. ವಿಳಾಸ ಪ್ರತಿಸಲ ಹೊಸತಾಗಿ ಬರೆದರೆ ಎಲ್ಲಿ ತಪ್ಪಿಹೋಗುತ್ತದೋ ಎಂಬ ಹೆದರಿಕೆಗೆ ಪೋಕರಾಕ ಹೊಸ ಮೇಲ್ ತೆರೆಯುವುದೇ ಇಲ್ಲ. ಒಮ್ಮೆ ಸರಿಯಾಗಿ ಹೋದ ಹಳೆಯದೊಂದನ್ನು ತೆಗೆದು, ಅದಕ್ಕೇ ಉತ್ತರ ಒತ್ತಿ, ಹಿಂದಿನವರ ಹೆಸರು ಉಜ್ಜಿ, ಎದುರು ಕೂತವರ ಹೆಸರು ಹಾಕಿ ಕಳಿಸುವುದು. ಟ್ರಸ್ಟಿನ ಮಟ್ಟಿಗೆ ಆ ಹಳೆಯದು ಬೀಡಿ ಕಟ್ಟುವ ಕದೀಜಮ್ಮನದ್ದು: ಪಾಳಿ ಬದಲಾವಣೆ ಬೇಕು ಎಂದು ಕೇಳಿ, ಸಿಕ್ಕಿ, ಮುಗಿದು, ಮುಚ್ಚಿಹೋದ ಟಿಕೇಟು. ಆಮೇಲೆ ಆ ಅಂಗಡಿಯಿಂದ ಹೊರಟ ಪ್ರತಿಯೊಬ್ಬರ ಕೋರಿಕೆಯೂ ಯಂತ್ರದ ಕಣ್ಣಿಗೆ ಕದೀಜಮ್ಮನದ್ದೇ ಮುಂದುವರಿದ ಮಾತು. ಅದು ಪ್ರತಿಯೊಂದನ್ನೂ ಜಾಗ್ರತೆಯಿಂದ ಆ ಮುಚ್ಚಿದ ಟಿಕೇಟಿನ ಕೆಳಗೆ ತುರುಕಿ, ಬಾಯಿ ಮುಚ್ಚಿಕೊಂಡು ಕೂತಿತು. ಮುಚ್ಚಿದ ಟಿಕೇಟಿಗೆ ಮಾತು ಬಂದರೆ ಅದು ತಾನಾಗಿ ತೆರೆದುಕೊಳ್ಳಬೇಕು. ಯಂತ್ರಕ್ಕೆ ಆ ಗುಣ ಇತ್ತು. ಕೃಷ್ಣಮೋಹನರು ತೆಗೆಸಿದರು. “ಒಬ್ಬೊಬ್ಬರು ಥ್ಯಾಂಕ್ಸ್ ಅಂತ ಬರೀತಾರೆ ಇರ್ಫಾನಾ, ಅದಕ್ಕೆಲ್ಲ ಟಿಕೇಟು ಪುನಃ ಕೆಂಪಾಗುದು. ಚಾರ್ಟ್ ಹಾಳು. ಆ ಟಿಕ್ಕನ್ನು ತೆಗೀರಿ.” ಅವಳು ತೆಗೆದಳು. ತೆಗೆಯುವಾಗ ಬೆಳ್ಳಾರೆ ಒಂದು ಕ್ಷಣ ಮನಸ್ಸಿಗೆ ಬಂತು. ಬಂತು ಎಂಬುದನ್ನು ಅವಳು ತನ್ನಿಂದಲೂ ಮುಚ್ಚಿಡಲಾರಳು. ಪೋಕರಾಕನಿಗೆ ಒಮ್ಮೆ ಹೇಳಬೇಕು ಎಂದುಕೊಂಡಳು, ಅಷ್ಟರಲ್ಲಿ ಕಡಬದ ಕೇಂದ್ರಕ್ಕೆ ಕಂಪ್ಯೂಟರು ಬಂತು ಎಂದು ಫೋನು ಬಂತು.

ಆಮೇಲೆ ಸುಳ್ಯ ಕೇಂದ್ರದ ನೀರು ಶುದ್ಧ ಮಾಡುವ ಯಂತ್ರ ವೋಲ್ಟೇಜಿಗೆ ಸುಟ್ಟುಹೋಯಿತು. ಮುನವ್ವರ್ ಸೇರಿ ಅಲ್ಲಿಯ ರೋಗಿಗಳೆಲ್ಲ ಪುತ್ತೂರಿಗೋ ಕಡಬಕ್ಕೋ ಪಾಳಿ ಕೇಳಿ ಮೇಲ್ ಕಳಿಸಬೇಕೆಂದು ಗೇಟಿಗೆ ಚೀಟಿ ಅಂಟಿಸಿದರು. ನಶೀದಾ ಹೋಗಿ ಕೇಳಿದ್ದಳಂತೆ, ಗೇಟಿನವನು ಚೀಟಿಗೆ ಬೆರಳು ತೋರಿಸಿದನಂತೆ. ಮುನವ್ವರ್ ಪೋಕರಾಕನ ಸ್ಟೂಲಿಗೆ ಹೋದ. ಮೊದಲ ದಿನ ಬರೆಸಿದ: ‘ಮಾನ್ಯ ಮೇಡಮ್, ಸುಳ್ಯದಲ್ಲಿ ಯಂತ್ರ ಹಾಳಾದ ಕಾರಣ ನನಗೆ ಪುತ್ತೂರಿನಲ್ಲಿ ಪಾಳಿ ಬೇಕು.’ ಎರಡು ದಿನ ಬಿಟ್ಟು: ‘ಮಾನ್ಯ ಮೇಡಮ್, ಹಿಂದೆ ಕಳಿಸಿದ್ದೆ, ಉತ್ತರ ಬರಲಿಲ್ಲ, ನೆನಪು ಮಾಡುತ್ತಿದ್ದೇನೆ ಅಷ್ಟೆ.’ ಆಮೇಲಿನದ್ದರಲ್ಲಿ: ‘ಮಲಗಲಿಕ್ಕೆ ಆಗುವುದಿಲ್ಲ, ಕೂತೇ ಇರುತ್ತೇನೆ. ಕಡಬ ಆದರೂ ಆದೀತು. ಮಧ್ಯಾಹ್ನದ ಪಾಳಿ ಆದರೂ ಆದೀತು. ಬೇರೆಯವರದ್ದು ತಪ್ಪಿಸಿ ಕೊಡುವುದು ಬೇಡ.’ ಬೇರೆಯವರದ್ದು ತಪ್ಪಿಸಿ ಕೊಡುವುದು ಬೇಡ! ಅವನು ಸತ್ತ ಮೇಲೆ, ಹಳೇ ಸರ್ವರನ್ನು ಕೆದಕಿ, ಕದೀಜಮ್ಮನ ಟಿಕೇಟಿನ ಅಡಿಯಲ್ಲಿ ಆ ವಾಕ್ಯ ಸಿಕ್ಕಿದಾಗ ಇರ್ಫಾನಾ ಆಫೀಸಿನ ಕಕ್ಕಸಿಗೆ ಓಡಿ, ನಲ್ಲಿ ಜೋರಾಗಿ ಬಿಟ್ಟು, ಮುಂಗೈ ಕಚ್ಚಿ ಅತ್ತಿದ್ದಳು. ಆ ಕೆಳಗಿದ್ದ ಉಳಿದವರಿಗೆಲ್ಲ ಅಂದೇ ತಾನೇ ಫೋನು ಮಾಡಿದಳು. ಕೆಲವರು ಮಂಗಳೂರಿಗೆ ಹೋಗಿ ಬಂದಿದ್ದರು, ಸುಳ್ಯದ ಯಂತ್ರ ಸರಿಯಾದ ಮೇಲೆ ಉಳಿದವರ ಪಾಳಿ ನಡೆಯುತ್ತಿತ್ತು. “ಅಯ್ಯೋ ಬಿಡಿ ಮೇಡಮ್, ನಮ್ಮದೆಲ್ಲ ಯಾರು ಓದ್ತಾರೆ ಅಂತ ನಮಗೆ ಗೊತ್ತಿಲ್ವಾ” ಎಂದು ಒಬ್ಬರು ನಕ್ಕರು. ಆ ನಗು ಅವಳನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು.

ಆ ವಾರದಲ್ಲಿ ಅವನು ಫೋನು ಮಾಡಿರಲಿಲ್ಲವೇ? ಮಾಡಿದ್ದ. ಅವಳು ಕಡಬದಲ್ಲಿ ಮೇಜಿನ ಅಡಿಗೆ ತೂರಿ ವಯರು ಸಿಕ್ಕಿಸುತ್ತಿದ್ದಳು. ಸುಳ್ಯದವರಿಗೆಲ್ಲ ಬೇರೆ ಕಡೆ ಪಾಳಿ ಸಿಕ್ಕಿರುತ್ತದೆ ಎಂದೇ ನಂಬಿದ್ದಳು. ಉಮ್ಮನ ಮಂಡಿನೋವಿನ ಮಾತಾಡಿದ, ಬೂತಾಯಿ ಮೀನಿಗೆ ಈಗ ಚಿನ್ನದ ಕ್ರಯ ಎಂದ, ನಡುನಡುವೆ ಉಸಿರು ಎಳೆದ. “ಎಂತದಾ, ಶೀತವಾ?” ಎಂದು ಅವಳು ಕೇಳಿದಳು. “ಹ್ಞೂಂ, ಸ್ವಲ್ಪ” ಎಂದ. ಆಮೇಲೆ ಎಲ್ಲೂ ಇಲ್ಲದ ಮಾತಿನ ಹಾಗೆ, “ಅಲ್ಲ ಮೇಡಮ್, ನಿಮ್ಮಲ್ಲಿಗೆ ಬರುವ ಮೇಲ್ ಎಲ್ಲ ಸರಿಯಾಗಿ ನೋಡ್ತಾರಲ್ಲಾ?” ಎಂದ. ಮೇಜಿನ ಅಡಿಯಿಂದ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಅವಳು ಹೇಳಿದಳು: “ನನ್ನ ಸಿಸ್ಟಮಿನಲ್ಲಿ ಒಂದೂ ತಪ್ಪುದಿಲ್ಲ.” “ಹಾಗಾದ್ರೆ ಆಯ್ತು” ಎಂದು ಇಟ್ಟ. ಅವನು ಅಕ್ಕನನ್ನು ನಂಬಿದ. ಉಮ್ಮನಿಗೂ ನಶೀದಾಳಿಗೂ ಗದರಿಸಿದನಂತೆ: ಅವಳಿಗೆ ಹೇಳಬೇಡಿ, ಅವಳ ಕೆಲಸಕ್ಕೆ ಕೆಟ್ಟ ಹೆಸರು, ಮೇಲ್ ಹೋಗಿದೆ, ಇವತ್ತೋ ನಾಳೆಯೋ ಬರ್ತದೆ. ಉಸಿರು ಪೂರ್ತಿ ಕಟ್ಟಿದ ಮೇಲೆ ಬಾಡಿಗೆಯ ಓಮ್ನಿಯಲ್ಲಿ ಹಾಕಿಕೊಂಡು ಹೊರಟರು. ಕುಂಬ್ರ ದಾಟುವಾಗ, ನಶೀದಾಳ ಮಡಿಲಲ್ಲಿ.

ಮಯ್ಯತ್ತಿನ ದಿನ ಆ ಸಾವಿನ ಮನೆಗೆ ಇರ್ಫಾನಾ ಹೋದಾಗ ಹೆಂಗಸರೆಲ್ಲ ಚಾಪೆಯಲ್ಲಿ ಕೂತಿದ್ದರು. ಅವಳು ಉಮ್ಮನ ಪಕ್ಕ ನೆಲಕ್ಕೆ ಕುಸಿಯಬೇಕು ಎನ್ನುವಾಗ ನಶೀದಾ, ಮುಖದಲ್ಲಿ ಏನೂ ಇಲ್ಲದೆ, ಯಾರಿಗೋ ಸನ್ನೆ ಮಾಡಿದಳು. ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ತಾನು ಹುಟ್ಟಿದ ಮನೆಯ ನಡುಕೋಣೆಯಲ್ಲಿ, ಚಾಪೆಯ ಮೇಲಿನ ಅಳುವಿನ ನಡುವೆ, ಅವಳೊಬ್ಬಳೇ ಕುರ್ಚಿಯಲ್ಲಿ ಕೂತಿದ್ದಳು, ಆಫೀಸಿನಿಂದ ಬಂದವರ ಹಾಗೆ. ಅಲ್ಲಾಹನ ವಿಧಿ, ಎಂದರು ಉಮ್ಮ. ಒಬ್ಬರಾದರೂ ಅವಳ ಕೆನ್ನೆಗೆ ಹೊಡೆಯಬಾರದಿತ್ತೇ? ಅಂದಿನಿಂದ ಅವಳು ಬೆಳ್ಳಾರೆಗೆ ಹೋಗಿಲ್ಲ. ಉಮ್ಮ ದಿನಾ ಫೋನು ಮಾಡುತ್ತಾರೆ, ಊಟ ಆಯಿತಾ ಕೇಳುತ್ತಾರೆ. ಗಂಡ ತೀರಿದ ಮೇಲಿನ ಇದ್ದತ್ತಿನಲ್ಲಿ ಹೊರಗೆ ಬಾರದೆ ಕೂತಿರುವ ನಶೀದಾ ಅದೇ ಕೋಣೆಯಲ್ಲಿ ಇದ್ದಾಳೆಂದು ಬಳೆಯಿಲ್ಲದ ಕೈ ಪಾತ್ರೆ ಇಡುವ ಸದ್ದಿನಲ್ಲಿ ಗೊತ್ತಾಗುತ್ತದೆ. ಫೋನು ಅವಳ ಕೈಗೆ ಹೋಗುವುದಿಲ್ಲ.

ಮಧ್ಯಾಹ್ನ ಕೃಷ್ಣಮೋಹನರು ಅವಳ ಮೇಜಿನ ಬಳಿ ಬಂದು ನಿಂತರು. ಕೆಟ್ಟ ಮನುಷ್ಯರಲ್ಲ. ಮಯ್ಯತ್ತಿಗೆ ಬಂದು ಮಸೀದಿಯ ಹೊರಗೆ ಬಿಸಿಲಲ್ಲಿ ನಿಂತಿದ್ದವರು. ಅದೇ ಅವರನ್ನು ದ್ವೇಷಿಸುವುದನ್ನೂ ಕಷ್ಟ ಮಾಡಿತ್ತು.

“ಹೊಸತು ಆಯ್ತಂತೆ? ಗುಡ್. ಹಳೇದನ್ನು ಕ್ಲೀನ್ ಮಾಡಿಬಿಡಿ. ಸಂಜೆ ದಾನಿಗಳು ಬರ್ತಾರೆ, ಗೋಡೆಯ ಟಿವಿಯಲ್ಲಿ ಹೊಸ ಚಾರ್ಟ್ ಬರ್ಲಿ. ಶುದ್ಧವಾಗಿ ಶುರು ಮಾಡುವ.”

“ಹಳೇದರಲ್ಲಿ ಮೇಲ್ ಉಂಟು ಸರ್. ಟಿಕೇಟಾಗದ್ದು.”

“ಗೊತ್ತುಂಟು.” ಅವರು ದನಿ ತಗ್ಗಿಸಿದರು. “ನೋಡಿ, ಆರೋಗ್ಯ ಇಲಾಖೆಯವರು ಕೇಳಿದಾಗ ಎಂತ ಬರೆದಿದ್ದೇವೆ? ಮುನವ್ವರ್ ಎಂಬವರ ಕೋರಿಕೆ ದಾಖಲಾಗಿಲ್ಲ ಅಂತ. ಸುಳ್ಳಾ? ಅಲ್ಲ. ಟಿಕೇಟೇ ಆಗಲಿಲ್ಲ ಅಂದ ಮೇಲೆ ದಾಖಲೆ ಎಲ್ಲಿಂದ? ನಾನು ನಿಮಗೋಸ್ಕರವೂ ಹೇಳುದು ಇರ್ಫಾನಾ. ಆ ಟಿಕ್ ತೆಗೆದದ್ದು ಯಾರು ಅಂತ ಹಳೇ ಸರ್ವರಿನಲ್ಲಿ ಹೆಸರು ಸಮೇತ ಉಂಟು. ನನ್ನ ಹೆಸರಿಲ್ಲ.”

“ಹೌದು. ನೀವು ಬಾಯಲ್ಲಿ ಹೇಳಿದ್ದು.”

“ಅದಕ್ಕೇ ಹೇಳುದು. ಹೋದವ ಹೋದ, ಪಾಪ. ನಿಮ್ಮ ಕೆಲಸ ಯಾಕೆ ಹೋಗ್ಬೇಕು? ನಿಮ್ಮ ತಮ್ಮನೇ ಇದ್ದಿದ್ರೂ ಇದನ್ನೇ ಹೇಳ್ತಿದ್ದ.”

ಅವರು ಹೋದ ಮೇಲೆ ಅವಳು ಬಹಳ ಹೊತ್ತು ಆ ಕೊನೆಯ ಮಾತನ್ನೇ ಕೇಳುತ್ತ ಕೂತಳು. ನಿಜವೇ. ಅವನು ಅದನ್ನೇ ಹೇಳುತ್ತಿದ್ದ. ಅಳಿಸು ಮೇಡಮ್, ನಿನ್ನ ಕೆಲಸ ಉಳೀಲಿ ಎನ್ನುತ್ತಿದ್ದ. ಬಡವರ ಒಳ್ಳೆಯತನ ಎಷ್ಟು ಅನುಕೂಲದ್ದು ಈ ಲೋಕಕ್ಕೆ! ಸಾಯುವವನು ಬೇರೆಯವರದ್ದು ತಪ್ಪಿಸಬೇಡಿ ಎಂದು ಬರೆಸುತ್ತಾನೆ, ಉಳಿದವರು ಯಾರು ಓದುತ್ತಾರೆ ಬಿಡಿ ಎಂದು ನಗುತ್ತಾರೆ, ತಾಯಿ ವಿಧಿಯೆನ್ನುತ್ತಾಳೆ, ಮತ್ತೆ ಮೇಜಿನ ಸುತ್ತ ಕೂತವರಿಗೆ ಅಳಿಸುವ ಒಂದು ಗುಂಡಿ ಮಾತ್ರ ಬಾಕಿ. ಅದನ್ನು ಒತ್ತುವುದಕ್ಕೂ ಅವರ ಬೆರಳು ಬೇಡ, ಅವಳದ್ದೇ ಬೆರಳು ಬೇಕು. ಕೊಂದದ್ದು ಯಾರೂ ಅಲ್ಲ. ಈಗಿನ ಕಾಲದಲ್ಲಿ ಕೊಲ್ಲುವುದು ಈ ‘ಯಾರೂ ಅಲ್ಲ’ದವರೇ, ಅವರಿಗೆ ಮುಖವಿಲ್ಲ, ಕೈಯಿಲ್ಲ, ಗೋಡೆಯ ಮೇಲೊಂದು ಹಸಿರು ಪಟ್ಟೆ ಇದೆ. ತಾನು ಅವರ ಕೈಯಾಗಿದ್ದೆ ಎನಿಸಿತು. ಅವಳಿಗೆ ತನ್ನ ಹೆಸರು ಅದರಲ್ಲಿ ಇರುವುದೇ ಒಂದು ನೆಮ್ಮದಿಯಂತೆ ಕಂಡಿತು. ಎಲ್ಲರೂ ಸೇರಿ ಅವಳಿಂದ ಕಿತ್ತುಕೊಂಡಿದ್ದ, ತಪ್ಪು ತನ್ನದು ಎನ್ನುವ ಒಂದು ಹಕ್ಕು ಅಲ್ಲಿ, ಆ ಹಳೇ ಸರ್ವರಿನಲ್ಲಿ, ಜೋಪಾನವಾಗಿ ಇತ್ತು.

ಅವಳು ಹಳೇ ಡಬ್ಬಿಯನ್ನು ತೆರೆದಳು. ಕದೀಜಮ್ಮನ ಹೆಸರಿನ ಕೆಳಗಿದ್ದ ಮೇಲ್‌ಗಳನ್ನೆಲ್ಲ ಆರಿಸಿ ಹೊಸ ಸರ್ವರಿಗೆ ನಕಲು ಮಾಡಿದಳು. ಹೊಸ ಯಂತ್ರಕ್ಕೆ, ಹಳೇ ಮಾತಿಗೆ ಹೊಸ ಮಾತು ಜೋಡಿಸಬೇಡ, ಬಂದ ಒಂದೊಂದಕ್ಕೂ ಒಂದೊಂದು ಸಂಖ್ಯೆ ಕೊಡು, ನೀನು ಕೊಟ್ಟ ಸಂಖ್ಯೆಗೆ ಬರುವ ಉತ್ತರವನ್ನು ಮಾತ್ರ ಅದರಲ್ಲೇ ಸೇರಿಸು ಎಂದು ಹೇಳಿಕೊಟ್ಟಳು. ಆಮೇಲೆ ಎಲ್ಲವನ್ನೂ ‘ಓದಿಲ್ಲ’ ಎಂದು ಗುರುತು ಮಾಡಿದಳು. ಓದದ ಮೇಲ್‌ಗಳನ್ನು ಯಂತ್ರ ಹುಡುಕಿಕೊಂಡು ಬಂದು ಎತ್ತಿಕೊಳ್ಳುತ್ತದೆ. ಓದಿಲ್ಲ. ಅಷ್ಟು ನಿಜವಾದ ಶಬ್ದವನ್ನು ಈ ಕೆಲಸದಲ್ಲಿ ಅವಳು ಎಂದೂ ಒತ್ತಿರಲಿಲ್ಲ.

ಮೊದಲು ಏನೂ ಆಗಲಿಲ್ಲ. ಆಮೇಲೆ ದೀಪಶ್ರೀ “ಅಕ್ಕಾ...” ಎಂದಳು. ಗೋಡೆಯ ಟಿವಿಯಲ್ಲಿ ಕೆಂಪು ಪಟ್ಟೆ ಏಳತೊಡಗಿತ್ತು. ಒಂದರ ಹಿಂದೆ ಒಂದು ಹೆಸರು, ಒಂದರ ಹಿಂದೆ ಒಂದು ಸಂಖ್ಯೆ, ಮುಚ್ಚಿಟ್ಟ ಬಾವಿಯ ಬಾಯಿ ತೆಗೆದಾಗ ಒಳಗಿನಿಂದ ಕೂಗುವ ಹಾಗೆ. ತೀರ್ಥರಾಮ ಗೌಡ. ಝಾಕಿರನ ತಾಯಿ. ಕೊಳ್ತಿಗೆಯ ಯಾರೋ. ಮುನವ್ವರ್. ಮುನವ್ವರ್. ಮುನವ್ವರ್. ದೀಪಶ್ರೀ ಎದ್ದು ನಿಂತಿದ್ದಳು, ಬಾಯಿಗೆ ಕೈ ಹೋಗಿತ್ತು. ಒಳಕೋಣೆಯಿಂದ ಕೃಷ್ಣಮೋಹನರು ಓಡಿ ಬಂದರು.

“ಎಂತ ಇದು ಮಾರಾಯ್ರೆ! ಪೂರ ಕೆಂಪು! ಎಂತ ಮಾಡಿದ್ದು ನೀವು?”

“ದಾಖಲಾಯ್ತು ಸರ್,” ಎಂದಳು ಇರ್ಫಾನಾ. ದನಿ ಏರಲಿಲ್ಲ, ಅದು ಅವಳಿಗೇ ಆಶ್ಚರ್ಯ. “ಇಲಾಖೆಗೆ ಇನ್ನೊಮ್ಮೆ ಬರೀರಿ. ಟಿಕ್ ತೆಗೆದವಳ ಹೆಸರೂ ಬರೀರಿ. ಹೇಳಿದವರ ಹೆಸರು ನಾನು ಬರೀತೇನೆ.”

“ತಲೆ ಸರಿ ಉಂಟಾ ನಿಮಗೆ? ದೀಪಶ್ರೀ, ಆ ಟಿವಿ ಆಫ್ ಮಾಡು!”

ದೀಪಶ್ರೀ ರಿಮೋಟಿನ ಕಡೆ ನೋಡಿದಳು, ಇರ್ಫಾನಾಳ ಕಡೆ ನೋಡಿದಳು, ಕೂತಳು. ಕೃಷ್ಣಮೋಹನರೇ ಸ್ಟೂಲು ಎಳೆದು, ಹತ್ತಿ, ಹಿಂದಿನ ವಯರು ಕಿತ್ತರು. ಇಳಿಯುವಾಗ ಅವರ ಚಪ್ಪಲಿ ಜಾರಿತು, ಇರ್ಫಾನಾ ಅವರ ಮೊಣಕೈ ಹಿಡಿದುಕೊಂಡಳು. ಆಮೇಲೆ ಅವರು ಕೈ ಬಿಡಿಸಿಕೊಂಡು, ಯಾರಿಗೋ ಫೋನು ಮಾಡುತ್ತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅರ್ಧ ಗಂಟೆ ಕಳೆದು ಅವಳ ಫೋನು ಬಡಿಯತೊಡಗಿದಾಗ ಉಮ್ಮನೆಂದುಕೊಂಡಳು. ಪೋಕರಾಕ. “ಮೋಳೇ, ಎಂತ ಇದು? ನನ್ನ ಕಂಪ್ಯೂಟರಿಗೆ ಒಂದೇ ಸಮ ಬಂತು. ಕೋರಿಕೆ ತಲುಪಿದೆ, ಕೋರಿಕೆ ತಲುಪಿದೆ ಅಂತ. ಮುನವ್ವರ್‌ದಕ್ಕೂ ಬಂತು. ರೋಗಿಯನ್ನು ಸಿದ್ಧವಾಗಿಡಿ ಅಂತ ಬರೆದಿದ್ದಾರೆ ಮೋಳೇ. ನಾನು ಎಂತ ಮಾಡ್ಲಿ? ಯಾರಿಗೆ ಬಂದ್ರೂ ಅವರ ಮನೆಗೆ ಕೊಟ್ಟು ಬರುದು ನನ್ನ ಪದ್ಧತಿ. ಹಾಗೆ ಪ್ರಿಂಟು ತೆಗೆದು... ಹೋದೆ. ಬಾಗಿಲ ಹೊರಗೆ ನಿಂತು ಓದಿ ಹೇಳಿದೆ ನಶೀದಾಳಿಗೆ. ಕೊಡದಿದ್ರೆ ಅದೂ ತಪ್ಪಲ್ವಾ?”

ಗೋಡೆ ಒಮ್ಮೆ ಹತ್ತಿರ ಬಂದು ದೂರ ಹೋಯಿತು. ತಾನೇ ಬರೆ‍ದ ಆ ತಾನಾಗಿ ಹೋಗುವ ಉತ್ತರ. ಹಳೇ ಮೇಲ್‌ಗಳನ್ನು ಒಳಗೆ ಬಿಡುವ ಮೊದಲು ಅದನ್ನು ನಿಲ್ಲಿಸಬೇಕಿತ್ತು. ಈ ಕೆಲಸ ಕಲಿಯುವ ಮಕ್ಕಳಿಗೂ ಗೊತ್ತಿರುವ ಸಂಗತಿ. ದಾಖಲೆಯೆಂದು, ನ್ಯಾಯವೆಂದು, ತನ್ನ ಹೆಸರೆಂದು ಉರಿಯುತ್ತಿದ್ದವಳಿಗೆ ಅದು ನೆನಪಾಗಿರಲಿಲ್ಲ. ಮತ್ತೊಮ್ಮೆ ಅವಳ ನ್ಯಾಯ ಹೋಗಿ ಅದೇ ಮನೆಯ ಬಾಗಿಲಲ್ಲಿ ನಿಂತಿತ್ತು, ಪ್ರಿಂಟು ಕೈಯಲ್ಲಿ ಹಿಡಿದ ಒಬ್ಬ ಮುದುಕನ ರೂಪದಲ್ಲಿ.

“ಅವಳು... ಎಂತ ಹೇಳಿದ್ಲು ಪೋಕರಾಕ?”

“ಓದಿ ಮುಗಿಸಿದೆ. ನಾನು ಹೋಗುವಾ ಅಂತ ತಿರುಗಿದೆ. ಆಗ ಒಳಗಿಂದ, ನಿಲ್ಲಿ, ಉತ್ತರ ಬರ್ಕೊಳ್ಳಿ ಅಂತ ಹೇಳಿದ್ಲು. ಬರ್ಕೊಂಡೆ. ಈಗ ಕಳಿಸ್ತಾ ಇದ್ದೇನೆ. ನಾನು ಒಂದು ಅಕ್ಷರ ಹೆಚ್ಚು ಕಮ್ಮಿ ಮಾಡ್ಲಿಲ್ಲ ಮೋಳೇ. ಬೇಜಾರು ಮಾಡ್ಬೇಡ.”

ಅದು ಬಂತು. ಸರ್ವರಿಗೆ ಬಿದ್ದು, ಅಲ್ಲಿಂದ ಎತ್ತಲ್ಪಟ್ಟು, ಮುನವ್ವರನ ಹೆಸರಿನ ತೆರೆದ ಟಿಕೇಟಿನಲ್ಲಿ, ಎಲ್ಲಿ ಇರಬೇಕೋ ಅಲ್ಲಿಯೇ ಬಂದು ಕೂತಿತು. ಎಲ್ಲವೂ ನೆಟ್ಟಗೆ ಕೆಲಸ ಮಾಡುತ್ತಿತ್ತು. ದೀಪಶ್ರೀ ಅದನ್ನು ನೋಡಿದಳು, ಓದಲಿಲ್ಲ. ತನ್ನ ಕುರ್ಚಿಯಿಂದ ಎದ್ದು ಜಾಗ ಬಿಟ್ಟುಕೊಟ್ಟಳು. ಇರ್ಫಾನಾ ಕೂತಳು.

‘ಮಾನ್ಯರೇ, ನಿಮ್ಮ ಉತ್ತರ ಸಿಕ್ಕಿತು. ಮುನವ್ವರ್ ಎಂಬವರು ಇನ್ನು ಬರುವುದಿಲ್ಲ. ಅವರ ಪಾಳಿಯನ್ನು ಬೇರೆ ಯಾರಿಗಾದರೂ ಕೊಡಿ, ಬೇಗ ಕೊಡಿ. ನಾವು ಬರೆದದ್ದನ್ನು ಅಲ್ಲಿ ಯಾರಾದರೂ ಓದುತ್ತಾರೆಯೇ ಎಂದು ಅವರು ಕೊನೆಗೆ ಓಮ್ನಿಯಲ್ಲಿಯೂ ಕೇಳಿದರು. ನಾನು ಓದುತ್ತಾರೆ ಎಂದೆ. ಓದುವವರು ಇದ್ದರೆ ಅವರ ಹೆಸರು ತಿಳಿಸಿ. ಇಂತಿ, ನಶೀದಾ.’

ಅವಳು ಉತ್ತರ ಎಂಬಲ್ಲಿ ಒತ್ತಿದಳು. ಯಂತ್ರ ಎಂದಿನಂತೆ ಕೆಳಗೆ ‘ಸಹಾಯ ಕೇಂದ್ರ, ಕರುಣಾಮೃತ ಟ್ರಸ್ಟ್’ ಎಂದು ತಾನೇ ಬರೆದುಕೊಂಡಿತು. ಅದನ್ನು ಅಳಿಸಿದಳು. ಕ್ಷಮಿಸು ಎಂದು ಬರೆದು, ಅದನ್ನೂ ಅಳಿಸಿದಳು. ಆ ಶಬ್ದ ಕೊಡುವುದಕ್ಕಿಂತ ಹೆಚ್ಚಾಗಿ ಕೇಳುತ್ತಿತ್ತು, ನಶೀದಾಳಿಂದ ಇನ್ನೂ ಏನನ್ನಾದರೂ ಕೇಳುವ ಮುಖ ಅವಳಿಗಿರಲಿಲ್ಲ. ಮುಚ್ಚಿದ ಬಾಗಿಲಿನ ಹಿಂದೆ ಕೃಷ್ಣಮೋಹನರು ಫೋನಿನಲ್ಲಿ ತನ್ನ ಹೆಸರನ್ನು ಹೇಳುತ್ತಿದ್ದುದು ಕೇಳಿಸಿತು. ಅವಳು ಬರೆದಳು: ‘ಅವನಿದ್ದಾಗ ಯಾರೂ ಓದಲಿಲ್ಲ. ಈಗ ಓದಿದೆ. ಇರ್ಫಾನಾ.’ ಮತ್ತೆ ಓದಿದರೆ ಕಳಿಸಲಾಗುವುದಿಲ್ಲವೆಂದು ಕೂಡಲೇ ಕಳಿಸಿದಳು.

ಬೆಳ್ಳಾರೆಯಿಂದ ಏನೂ ಬರಲಿಲ್ಲ. ಪೋಕರಾಕ ಅದನ್ನೂ ಪ್ರಿಂಟು ತೆಗೆದು ಆ ಬಾಗಿಲಿಗೆ ಹೋದರೋ, ಓದಿ ಹೇಳಿದರೋ, ಒಳಗಿನಿಂದ ಅವಳು ಎಂತ ಹೇಳಿದಳೋ. ಪರದೆಯ ಮೇಲೆ ಟಿಕೇಟಿನ ಸ್ಥಿತಿ ತಾನಾಗಿ ಬದಲಾಗಿತ್ತು. ‘ಅರ್ಜಿದಾರರ ಉತ್ತರಕ್ಕಾಗಿ ಕಾಯಲಾಗುತ್ತಿದೆ’ ಎಂದಿತ್ತು. ಇರ್ಫಾನಾ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಆ ಗೆರೆಯ ಮುಂದೆ ಕಾಯುತ್ತ ಕೂತಳು.